ಟಸರ್ ಗೂಡು ಲಿಥಿಯಂ ಬ್ರೋಮೈಡ್‌ನಲ್ಲಿ ಕರಗುತ್ತಲೇ ಇಲ್ಲ, ಯಾರಾದರೂ ಮಾಡಿದ್ದೀರಾ?

ಸೊಪ್ಪಿನ_ಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಎಂಎಸ್ಸಿ ಕೊನೇ ವರ್ಷ ಓದುತ್ತಿದ್ದೇನೆ. ಊರು ಮಳವಳ್ಳಿ ಕಡೆ, ಅಪ್ಪ ಈಗಲೂ ಹುಳು ಮೇಯಿಸುತ್ತಾರೆ. ಅದಕ್ಕೇ ರೇಷ್ಮೆ ಪ್ರೋಟೀನಿನ ಮೇಲೆ ಜೀವಕೋಶ ಬೆಳೆಸುವ ಪ್ರಾಜೆಕ್ಟ್ ಸಿಕ್ಕಾಗ, ಗೂಡು ಮನೆಯಲ್ಲೇ ಇದೆಯಲ್ಲ, ಸುಲಭ ಅಂದುಕೊಂಡೆ.

ಮನೆಯ ಗೂಡಿನಿಂದ ತೆಳು ಹಾಳೆ, ಅಂದರೆ ಫಿಲ್ಮ್, ಮಾಡಿದ್ದಾಯಿತು. 5 ಗ್ರಾಂ ಗೂಡು ಕತ್ತರಿಸಿ, 2 ಲೀಟರ್ ನೀರಿಗೆ 4.24 ಗ್ರಾಂ ಸೋಡಿಯಂ ಕಾರ್ಬೊನೇಟ್ ಹಾಕಿ, ಅರ್ಧ ಗಂಟೆ ಕುದಿಸಿ ಅಂಟು ತೆಗೆದೆ. ಆಮೇಲೆ 9.3 ಮೋಲಾರ್ ಲಿಥಿಯಂ ಬ್ರೋಮೈಡ್‌ನಲ್ಲಿ 60 ಡಿಗ್ರಿಗೆ 4 ಗಂಟೆ ಇಟ್ಟೆ, ಜೇನುತುಪ್ಪದ ಹಾಗೆ ಕರಗಿತು. ಡಯಾಲಿಸಿಸ್ ಮಾಡಿ (ಪೊರೆಯ ಚೀಲದಲ್ಲಿ ಹಾಕಿ ನೀರಿನಲ್ಲಿಟ್ಟು ಉಪ್ಪು ಬಿಡಿಸಿ) ಫಿಲ್ಮ್ ಎರೆದು, ಮೆಥನಾಲ್‌ನಲ್ಲಿ ಅದ್ದಿದೆ. ಆದರೆ ಎಲ್929 (ಲ್ಯಾಬಿನಲ್ಲಿ ಬೆಳೆಸುವ ಇಲಿಯ ಜೀವಕೋಶ) ಹಾಕಿದರೆ ಸರಿಯಾಗಿ ಅಂಟುತ್ತಿಲ್ಲ. ಮಾರನೇ ದಿನ ನೋಡಿದರೆ ದುಂಡಗೆ, ಸಾಬುದಾನಿ ಕಾಳಿನ ಹಾಗೆ ತೇಲುತ್ತಿರುತ್ತವೆ.

ಗೈಡ್ ಕಾಡು ರೇಷ್ಮೆ ತಗೋ ಅಂದರು. ಜಾರ್ಖಂಡ್‌ನಿಂದ ಟಸರ್ ಗೂಡು ತರಿಸಿದೆ. ಅಪ್ಪ ಒಂದನ್ನು ಮೇಜಿನ ಮೇಲೆ ಟಕ್ ಟಕ್ ಅಂತ ಬಡಿದು, "ಇದೇನವ್ವ, ಗೂಡೋ ಬೇಲದಕಾಯೋ?" ಅಂದರು. ಅದನ್ನೂ ಹಾಗೇ ಕುದಿಸಿ ಲಿಥಿಯಂ ಬ್ರೋಮೈಡ್‌ಗೆ ಹಾಕಿದೆ. 4 ಗಂಟೆ ಅಲ್ಲ, ಇಡೀ ರಾತ್ರಿ ಇಟ್ಟರೂ ನಾರು ನಾರಾಗಿಯೇ ಇದೆ. ಆ ಲಿಥಿಯಂ ಉಪ್ಪಿನ ಬೆಲೆ ನಿಮಗೆ ಗೊತ್ತಲ್ವಾ, ಅರ್ಧ ಬಾಟಲಿ ಖಾಲಿ. ಎಲ್ಲಿ ತಪ್ಪಾಯಿತು?

ಹಳೇ_ಪಿಪೆಟ್:

ತಪ್ಪು ನಿಮ್ಮದಲ್ಲ, ಟಸರ್ ಇರುವುದೇ ಹಾಗೆ.

ನಮ್ಮ ಹಿಪ್ಪುನೇರಳೆ ರೇಷ್ಮೆಯ ದಾರದ ಪ್ರೋಟೀನ್ ಆದ ಫೈಬ್ರೋಯಿನ್‌ನಲ್ಲಿ ಗ್ಲೈಸಿನ್, ಅಲನಿನ್, ಸೆರಿನ್ ಅನ್ನೋ ಅಮೈನೋ ಆಮ್ಲಗಳು ಒಂದೇ ವರಸೆಯಲ್ಲಿ ಬರುತ್ತಾ ಹೋಗುತ್ತವೆ. ಟಸರ್‌ನಲ್ಲಿ ಅಲನಿನ್ ಪಕ್ಕ ಅಲನಿನ್, ಅದರ ಪಕ್ಕ ಮತ್ತೆ ಅಲನಿನ್, ಹೀಗೆ ಉದ್ದುದ್ದ ಸಾಲುಗಳಿವೆ. ಅವು ನೀರಿಗೆ ಜಾಗ ಕೊಡದ ಹಾಗೆ ಒಂದರ ಮೇಲೊಂದು ಬಿಗಿಯಾಗಿ ಕೂತುಬಿಡುತ್ತವೆ. ಬಯಲಲ್ಲಿ, ಮರದ ಕೊಂಬೆಗೆ ತೊಟ್ಟು ಕಟ್ಟಿಕೊಂಡು, ಮಳೆ ಬಿಸಿಲಿನಲ್ಲಿ ತಿಂಗಳುಗಟ್ಟಲೆ ನೇತಾಡುವ ಗೂಡು ಅದು. ನಿಮ್ಮ ಲಿಥಿಯಂ ಬ್ರೋಮೈಡ್‌ಗೆ ಬಗ್ಗುತ್ತದಾ?

ಲಿಥಿಯಂ ಥಯೋಸಯನೇಟ್, ಕರಗಿಸಿದ ಕ್ಯಾಲ್ಸಿಯಂ ನೈಟ್ರೇಟ್ ಇಂಥವನ್ನು ಬಳಸಿದವರಿದ್ದಾರೆ. ಆದರೆ ಬಿಸಿ ಜಾಸ್ತಿಯಾದರೆ ಪ್ರೋಟೀನ್ ತುಂಡು ತುಂಡಾಗುತ್ತದೆ. ಗೂಡಿನ ಆಸೆ ಬಿಡಿ. ಹುಳುವಿನ ರೇಷ್ಮೆ ಗ್ರಂಥಿಯಿಂದಲೇ ತೆಗೆಯಿರಿ. ಖರಗ್‌ಪುರ ಐಐಟಿಯಲ್ಲಿ ಸುಭಾಸ್ ಕುಂಡು ಅವರ ತಂಡ ಟಸರ್‌ಗೆ ಇದೇ ದಾರಿ ಹಿಡಿದದ್ದು. ಐದನೇ ಹಂತದ ಕೊನೆಯಲ್ಲಿ, ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ ಹುಳುವನ್ನು ಸೀಳಿ ಗ್ರಂಥಿ ಎತ್ತುತ್ತಾರೆ. ಹಿಂಭಾಗದ ಗ್ರಂಥಿಯಲ್ಲಿ ಫೈಬ್ರೋಯಿನ್ ತಯಾರಾಗುತ್ತದೆ, ನಡುಭಾಗದಲ್ಲಿ ಶೇಖರವಾಗಿ ಅಲ್ಲೇ ಸೆರಿಸಿನ್ ಅಂಟು ಸುತ್ತಿಕೊಳ್ಳುತ್ತದೆ. ಹಿಂಭಾಗದಿಂದ ಹಿಂಡಿದರೆ ಅಂಟಿನ ಕಾಟ ಕಡಿಮೆ. ಅದನ್ನು ಶೇ. 1ರ ಎಸ್‌ಡಿಎಸ್ ಇರುವ ಬಫರ್‌ನಲ್ಲಿ ಕರಗಿಸುತ್ತಾರೆ. ಎಸ್‌ಡಿಎಸ್ ಅಂದರೆ ಸೋಪೇ, ಡಯಾಲಿಸಿಸ್‌ನಲ್ಲಿ ಪೂರ್ತಿ ಹೋಗದಿದ್ದರೆ ಜೀವಕೋಶದ ಪೊರೆಯನ್ನೇ ಕರಗಿಸಿಬಿಡುತ್ತದೆ. ಫ್ರಿಜ್‌ನಲ್ಲಿ ಇಡಬೇಡಿ, ತಣ್ಣಗಾದರೆ ಆ ಸೋಪು ಹರಳುಗಟ್ಟುತ್ತದೆ.

ನಿಮ್ಮ ಗೈಡ್ ಟಸರ್ ಅಂದದ್ದಕ್ಕೂ ಕಾರಣ ಇದೆ. ಅದರ ಫೈಬ್ರೋಯಿನ್‌ನಲ್ಲಿ ಆರ್ಜಿನೈನ್, ಗ್ಲೈಸಿನ್, ಆಸ್ಪಾರ್ಟಿಕ್ ಆಮ್ಲ ಮೂರೂ ಒಟ್ಟಿಗೆ ಬರುವ ಆರ್‌ಜಿಡಿ ಅನ್ನೋ ಜಾಗಗಳಿವೆ. ಜೀವಕೋಶದ ಮೈಮೇಲಿನ ಇಂಟೆಗ್ರಿನ್ ಅನ್ನೋ ಪ್ರೋಟೀನ್ ಹಿಡಿದುಕೊಳ್ಳುವುದು ಅದನ್ನೇ. ಹಿಪ್ಪುನೇರಳೆ ಫೈಬ್ರೋಯಿನ್‌ನಲ್ಲಿ ಆ ಹಿಡಿಕೆ ಇಲ್ಲ.

ಮದ್ದೂರ್_ವಡೆ:

ಮೇಲಿನವರು ಹೇಳಿದ್ದು ಸರಿ, ಆದರೆ ಒಂದು ತಕರಾರು. ಹಿಪ್ಪುನೇರಳೆ ಫಿಲ್ಮ್ ಮೇಲೆ ಜೀವಕೋಶ ಬೆಳೆಸಿದವರು ಸಾವಿರ ಜನ ಇದ್ದಾರೆ. ಹಿಡಿಕೆ ಇಲ್ಲದಿದ್ದರೂ ಮೀಡಿಯಾದ (ಜೀವಕೋಶ ಬೆಳೆಸುವ ಪೋಷಕ ದ್ರವದ) ಸೀರಮ್‌ನಲ್ಲಿರುವ ಫೈಬ್ರೊನೆಕ್ಟಿನ್ ಅನ್ನೋ ಪ್ರೋಟೀನ್ ಬಂದು ಫಿಲ್ಮ್ ಮೇಲೆ ಕೂರುತ್ತದೆ, ಜೀವಕೋಶ ಅದನ್ನು ಹಿಡಿಯುತ್ತದೆ. ಸ್ವಲ್ಪ ಕಡಿಮೆ ಅಂಟಬಹುದು. ಎಲ್ಲವೂ ದುಂಡಗಾಗಿ ತೇಲುತ್ತಿವೆ ಅಂದರೆ ನನಗೆ ಅನುಮಾನ ರೇಷ್ಮೆಯ ಮೇಲಲ್ಲ, ನಿಮ್ಮ ತೊಳೆಯುವಿಕೆಯ ಮೇಲೆ. ಲಿಥಿಯಂ ಉಳಿದಿದೆಯೋ, ಮೆಥನಾಲ್ ಉಳಿದಿದೆಯೋ?

ಸುಮ್ನೆ ಒಂದು ಪರೀಕ್ಷೆ ಮಾಡಿ. ಫಿಲ್ಮನ್ನು ಮೀಡಿಯಾದಲ್ಲಿ 37 ಡಿಗ್ರಿಗೆ 24 ಗಂಟೆ ನೆನೆಸಿ, ಆ ಮೀಡಿಯಾವನ್ನು ಮಾಮೂಲಿ ಪ್ಲೇಟ್‌ನಲ್ಲಿ ಚೆನ್ನಾಗಿ ಅಂಟಿಕೊಂಡಿರುವ ಜೀವಕೋಶಕ್ಕೆ ಹಾಕಿ. ಅಲ್ಲೂ ಸತ್ತರೆ ಫಿಲ್ಮ್‌ನಿಂದ ವಿಷ ಬಿಡುತ್ತಿದೆ ಅಂತ ಅರ್ಥ. ಹಾಗಿದ್ದರೆ ಟಸರ್ ತಂದರೂ ಅದೇ ಕಥೆ. ನಾನು ಹೀಗೇ ಎರಡು ತಿಂಗಳು ರೇಷ್ಮೆಯನ್ನು ಬೈದುಕೊಂಡು ಓಡಾಡಿದ್ದೆ. ಕೊನೆಗೆ ನೋಡಿದರೆ ಡಯಾಲಿಸಿಸ್ ನೀರನ್ನು ದಿನಕ್ಕೆ ಒಂದೇ ಸಲ ಬದಲಿಸುತ್ತಿದ್ದದ್ದೇ ಎಡವಟ್ಟು.

ಹಣ್ಣು_ಹುಳು:

ನಾನು ವಿಜ್ಞಾನದವನಲ್ಲ, ಹುಳು ಮೇಯಿಸುವವನು. ಗ್ರಂಥಿ ತೆಗೆಯುವುದನ್ನು ಮನೆಯ ಹುಳುವಿನಲ್ಲೇ ಕಲಿತುಕೊ ತಂಗಿ, ಜಾರ್ಖಂಡ್ ಹುಳು ಹಾಳು ಮಾಡಬೇಡ. ನಾಲ್ಕನೇ ಜ್ವರ (ಪೊರೆ ಕಳಚುವುದು) ಎದ್ದು, ಸೊಪ್ಪು ತಿಂದು, ಮೈ ತಿಳಿಯಾಗಿ ಹಣ್ಣಾಗುತ್ತಲ್ಲ, ಆಗ ಹಿಡಿ. ಆಗ ಹೊಟ್ಟೆ ಖಾಲಿ ಮಾಡಿಕೊಂಡಿರುತ್ತದೆ, ಹಸಿರು ರಸ ಮೆತ್ತಿಕೊಳ್ಳುವುದಿಲ್ಲ. ಹಿಂದೆ ಸ್ಪೇನ್ ದೇಶದಲ್ಲಿ ಹಣ್ಣು ಹುಳುವನ್ನು ವಿನೆಗರ್‌ನಲ್ಲಿ ನೆನೆಸಿ, ಈ ಗ್ರಂಥಿಯನ್ನೇ ಎಳೆದು ಗಾಳದ ದಾರ ಮಾಡುತ್ತಿದ್ದರಂತೆ, ಡಾಕ್ಟರುಗಳು ಗಾಯ ಹೊಲಿಯುವುದಕ್ಕೂ ಬಳಸುತ್ತಿದ್ದರಂತೆ.

ಇನ್ನೊಂದು. ಟಸರ್ ಹುಳು ತಿನ್ನುವುದು ಮತ್ತಿ ಸೊಪ್ಪು. ಹೊಳೆಮತ್ತಿ ನಮ್ಮ ಕಾವೇರಿ ದಡದಲ್ಲೇ ಇದೆ ನಿಜ, ಹಾಗಂತ ಮೊಟ್ಟೆ ತರಿಸಿ ಮರಕ್ಕೆ ಬಿಡಬೇಡ. ಒಂದೇ ದಿನಕ್ಕೆ ಕಾಗೆ ಪಾಲು.

ಸೊಪ್ಪಿನ_ಮನೆ:

ಎಲ್ಲರಿಗೂ ಥ್ಯಾಂಕ್ಸ್. ಮೊದಲು @ಮದ್ದೂರ್_ವಡೆ ಹೇಳಿದ ಪರೀಕ್ಷೆ ಮಾಡಿದೆ. ನಾಚಿಕೆಯ ವಿಷಯ, ಮಾಮೂಲಿ ಪ್ಲೇಟ್‌ನಲ್ಲೂ ಅರ್ಧದಷ್ಟು ಜೀವಕೋಶ ಎದ್ದು ಬಂದವು. ಈಗ ಡಯಾಲಿಸಿಸ್ ನೀರು ದಿನಕ್ಕೆ ನಾಲ್ಕು ಸಲ ಬದಲಿಸುತ್ತಿದ್ದೇನೆ.

ಭಾನುವಾರ ಊರಿಗೆ ಹೋಗಿ ಹಣ್ಣು ಹುಳುವನ್ನೂ ಕುಯ್ದೆ. ಮಂಜುಗಡ್ಡೆಯ ಮೇಲೆ ಮಲಗಿಸಿ ಬೆನ್ನಿನ ಕಡೆಯಿಂದ ಸೀಳಿದೆ. ಮೊದಲ ಮೂರು ಹುಳುವಿನ ಗ್ರಂಥಿ ಹರಿದುಹೋಯಿತು. ನಾಲ್ಕನೆಯದು ಪೂರ್ತಿ ಬಂತು, ನಡುಭಾಗ ಬೆಂದ ಶಾವಿಗೆಯ ಹಾಗೆ ದಪ್ಪಗೆ, ಹೊಳೆಯುತ್ತಾ, ಹಿಂಭಾಗ ಸಣ್ಣಗೆ ಸುರುಳಿ ಸುರುಳಿ. ಚಿಮಟದ ತುದಿಯಲ್ಲಿ ಹಿಡಿದು ಸ್ವಲ್ಪ ಎಳೆದೆ ನೋಡಿ, ಅಂಟಂಟಾಗಿದ್ದದ್ದು ಕಣ್ಣೆದುರೇ ದಾರ ಆಗಿಬಿಟ್ಟಿತು! ಇಷ್ಟು ವರ್ಷ ಹುಳು ಮೇಯಿಸಿದ ಅಪ್ಪನೂ ಇದನ್ನು ನೋಡಿರಲಿಲ್ಲ. ಆ ದಾರವನ್ನು ಬೆರಳಿಗೆ ಸುತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, "ಆ ನಾಲ್ಕು ಗೂಡಿನ ದುಡ್ಡು ಯಾರು ಕೊಡ್ತಾರೆ?" ಅಂದರು.

@ಹಳೇ_ಪಿಪೆಟ್, ಟಸರ್ ಗ್ರಂಥಿಯನ್ನು ರಾಂಚಿಯಿಂದ ಐಸ್ ಡಬ್ಬಿಯಲ್ಲಿ ತಂದರೆ ರೈಲಿನಲ್ಲಿ ಎರಡು ದಿನ ತಡೆಯುತ್ತದಾ, ಇಲ್ಲ ಅಲ್ಲೇ ಹಿಂಡಿ ಬಫರ್‌ಗೆ ಹಾಕಿಕೊಂಡು ಬರಬೇಕಾ?

ಹಳೇ_ಪಿಪೆಟ್:

ಅಲ್ಲೇ ಹಿಂಡಿ. ರೈಲಿನ ಕುಲುಕಾಟ ಸಾಕು, ದಾರಿಯಲ್ಲೇ ಗಟ್ಟಿಯಾಗುತ್ತದೆ. ನೀವೇ ಎಳೆದು ನೋಡಿದ್ದೀರಲ್ಲ.