ಅಪ್‌ಡೇಟ್: ಬದಿಯಡ್ಕದ ಅಂಗಡಿಯ ವಿಂಡೋಸ್ 7 ಕಂಪ್ಯೂಟರ್

ನಮ್ಮ ಅಡಿಕೆ ಅಂಗಡಿಯ ವಿಂಡೋಸ್ 7 ಕಂಪ್ಯೂಟರನ್ನು ಇನ್ನೂ ಬಳಸಬಹುದಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ಅದರ ಮಾಮೂಲಿ ಸಪೋರ್ಟ್, ಅಂದರೆ ಸುರಕ್ಷತೆಯ ಅಪ್‌ಡೇಟ್ ಕೊಡುವುದನ್ನು, ನಿಲ್ಲಿಸಿದೆ. ಕ್ರೋಮ್ ಬ್ರೌಸರ್ ಕೂಡ ಅದರಲ್ಲಿ 109ನೇ ಆವೃತ್ತಿಗೇ ನಿಂತಿದೆ. ಆಂಟಿವೈರಸ್ ಸಾಕು ಅಂದವರಿದ್ದರು, ನನಗೆ ಒಪ್ಪಿಗೆಯಾಗಲಿಲ್ಲ. ಸಿಸ್ಟಮ್‌ನಲ್ಲೇ ಇರುವ ತೂತನ್ನು ಅದು ಮುಚ್ಚುವುದಿಲ್ಲ ಅಲ್ವಾ?

ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್ ಓಡುವುದು ಆ ಕಂಪ್ಯೂಟರಿನಲ್ಲೇ. ಹಾಗಾಗಿ ಅದನ್ನು ಇಟ್ಟುಕೊಂಡು ನೆಟ್ ಕೇಬಲ್ ಮಾತ್ರ ಕಿತ್ತೆವು, ವೈಫೈ ಆಫ್. ಯಾರದ್ದೇ ಪೆನ್‌ಡ್ರೈವ್ ಹಾಕುವಂತಿಲ್ಲ. ಬ್ಯಾಕಪ್ ಮಾತ್ರ ಬೇರೆ ಹಾರ್ಡ್‌ಡಿಸ್ಕಿಗೆ.

ಜಿಎಸ್‌ಟಿ, ಬ್ಯಾಂಕ್ ಕೆಲಸಕ್ಕೆ ಮನೆಯ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಅನ್ನುವ ಉಚಿತ ಸಿಸ್ಟಮ್ ಹಾಕಿದೆ. ಇಲ್ಲಿ ಕೇರಳದ ಸರಕಾರಿ ಶಾಲೆಗಳಲ್ಲಿ ಕೈಟ್ (ಶಾಲೆಗಳ ಕಂಪ್ಯೂಟರ್ ಕೆಲಸ ನೋಡುವ ಸರಕಾರಿ ಸಂಸ್ಥೆ) ಕೊಟ್ಟ ಉಬುಂಟುವೇ ಇರುವುದು, ಅದೂ ಲಿನಕ್ಸೇ. ಕನ್ನಡ ಮೀಡಿಯಂ ಓದುವ ಮಗಳೇ ಎಲ್ಲ ತೋರಿಸಿಕೊಟ್ಟಳು! ಪ್ರಿಂಟರ್ ಸುಮ್ನೆ ಸಿಕ್ಕಿಸಿದ್ದಷ್ಟೇ, ಓಡಿತು. ಡಿಜಿಟಲ್ ಸಹಿ ಇರುವ ಯುಎಸ್‌ಬಿ ಟೋಕನ್ ಮಾತ್ರ ಇನ್ನೂ ಹಠ ಮಾಡುತ್ತಿದೆ.