ಅಡಿಕೆ ಕೃಷಿಯ ಜಾಲತಾಣ ಗೂಗಲ್ ಹುಡುಕಾಟದಲ್ಲಿ ಕಾಣಿಸುತ್ತಿಲ್ಲ

ಪ್ರಶ್ನೆ:
ನಮಸ್ಕಾರ. ಅಡಿಕೆ ಕೃಷಿಯ ಕುರಿತು ನಮ್ಮ ತಂದೆಯವರು ಹಲವು ವರ್ಷಗಳಿಂದ ಬರೆದ ಸುಮಾರು 120 ಲೇಖನಗಳಿರುವ ಜಾಲತಾಣವನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಮಳೆಗಾಲ ಹತ್ತಿರವಾದಂತೆ ಊರಿನವರು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮವನ್ನು ಫೋನ್ ಮಾಡಿ ಕೇಳುತ್ತಾರೆ. ಅದೇ ವಿಷಯದ ಲೇಖನ ನಮ್ಮಲ್ಲಿದ್ದರೂ ಗೂಗಲ್‌ನಲ್ಲಿ ‘ಅಡಿಕೆ ಕೊಳೆರೋಗ’ ಎಂದು ಹುಡುಕಿದರೆ ಅದು ಎಲ್ಲಿಯೂ ಸಿಗುವುದಿಲ್ಲ. ಮೆಟಾ ಕೀವರ್ಡ್‌ಗಳಲ್ಲಿ (ಓದುಗರಿಗೆ ಕಾಣದಂತೆ ಪುಟದ ಕೋಡಿನಲ್ಲಿ ಬರೆಯುವ ಸೂಚಕ ಪದಗಳಲ್ಲಿ) ಮೂವತ್ತು ಪದಗಳನ್ನು ಸೇರಿಸಿದರೂ ಪ್ರಯೋಜನವಾಗಲಿಲ್ಲ. ಹಣ ಕೊಟ್ಟು ಬೇರೆ ತಾಣಗಳಿಂದ ಕೊಂಡಿ ಹಾಕಿಸಿಕೊಳ್ಳುವಂತೆ ಪರಿಚಿತರೊಬ್ಬರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ?

ಉತ್ತರ:
ದಯವಿಟ್ಟು ಕೊಂಡಿಗಳಿಗೆ ಹಣ ಕೊಡಬೇಡಿ. ಅದು ಗೂಗಲ್‌ನ ನಿಯಮಗಳಿಗೆ ವಿರುದ್ಧ. ಶ್ರೇಯಾಂಕ, ಅಂದರೆ ಹುಡುಕಾಟದ ಫಲಿತಾಂಶಗಳಲ್ಲಿ ಪುಟದ ಸ್ಥಾನ ನಿರ್ಧರಿಸಲು ಮೆಟಾ ಕೀವರ್ಡ್‌ಗಳನ್ನು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ಸ್ಪಷ್ಟಪಡಿಸಿದೆ. ತಾಣ ಹಳೆಯದೆಂದು ಹೇಳುತ್ತಿರುವುದರಿಂದ ನನಗೆ ಬೇರೊಂದು ಅನುಮಾನವಿದೆ. ಲೇಖನದಲ್ಲಿ ‘ಕನ್ನಡ’ ಎಂಬ ಪದವನ್ನು ನಕಲಿಸಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ, ಏನು ಕಾಣುತ್ತದೆಂದು ತಿಳಿಸಿ.

ಪ್ರಶ್ನೆ ಕೇಳಿದವರು:
ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆಯಿರುವ ಎ, ಆಮೇಲೆ ಬ್ರಿಟಿಷ್ ಪೌಂಡಿನ ಗುರುತು, ಹೀಗೆ ಏನೇನೋ ಬಂತು.

ಉತ್ತರ:
ಹಾಗಾದರೆ ಲೇಖನಗಳು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿವೆ. ಆ ಫಾಂಟು ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ತೋರಿಸುತ್ತದೆಯೇ ಹೊರತು ಕಡತದೊಳಗೆ ಒಂದಾದರೂ ಕನ್ನಡ ಅಕ್ಷರವಿರುವುದಿಲ್ಲ. ಆದ್ದರಿಂದ ಓದುಗರು ಯೂನಿಕೋಡ್‌ನಲ್ಲಿ (ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತವಿರುವ ಜಾಗತಿಕ ವ್ಯವಸ್ಥೆಯಲ್ಲಿ) ಟೈಪಿಸುವ ‘ಕೊಳೆರೋಗ’ಕ್ಕೂ ನಿಮ್ಮ ಪುಟದ ‘ಕೊಳೆರೋಗ’ಕ್ಕೂ ಯಂತ್ರದ ದೃಷ್ಟಿಯಲ್ಲಿ ಸಂಬಂಧವೇ ಇಲ್ಲ. ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿ, ಯೂನಿಕೋಡ್ ಪಠ್ಯವನ್ನು ಕಡತದಲ್ಲಿ ಉಳಿಸುವ ಕ್ರಮವಾದ ಯುಟಿಎಫ್-8ರಲ್ಲಿ ಉಳಿಸಿ.

ಪರಿವರ್ತಕವನ್ನು ಪೂರ್ತಿ ನಂಬಬೇಡಿ. ನುಡಿಯಲ್ಲಿ ಅರ್ಕಾವತ್ತಿನ ಗುರುತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಒಂದಕ್ಕೊಂದನ್ನು ಸುಮ್ಮನೆ ಬದಲಿಸುವ ಪರಿವರ್ತಕಗಳು ‘ವರ್ಷ’, ‘ಬೋರ್ಡೋ’ದಂತಹ ಪದಗಳಲ್ಲಿ ಎಡವುತ್ತವೆ. ಪುಟಗಳ ವಿಳಾಸ ಬದಲಾದರೆ ಹಳೆಯ ವಿಳಾಸದಿಂದ ಹೊಸದಕ್ಕೆ 301 ಮರುನಿರ್ದೇಶನ (ಹಳೆಯ ವಿಳಾಸಕ್ಕೆ ಬಂದವರನ್ನು ಶಾಶ್ವತವಾಗಿ ಹೊಸದಕ್ಕೆ ಕಳುಹಿಸುವ ಸೂಚನೆ) ಕೊಡುವುದನ್ನು ಮರೆಯಬೇಡಿ.

ಪ್ರಶ್ನೆ ಕೇಳಿದವರು:
ಎಲ್ಲವನ್ನೂ ಪರಿವರ್ತಿಸಿ, ಜಾಲತಾಣ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ಗೆ ಹಾಕಿ ಒಂದು ತಿಂಗಳಾಯಿತು. ಈಗಲೂ ಒಂದು ಪುಟವೂ ಬರುತ್ತಿಲ್ಲ.

ಉತ್ತರ:
ಒಂದು ಪುಟವೂ ಇಲ್ಲವೆಂದರೆ ಅದು ಶ್ರೇಯಾಂಕದ ಸಮಸ್ಯೆಯಲ್ಲ, ಯಾವುದೋ ಬಾಗಿಲು ಮುಚ್ಚಿದೆ. ತಾಣದ ಮಾಲೀಕರಿಗಾಗಿ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಲೇಖನದ ವಿಳಾಸ ಕೊಟ್ಟು ಪರಿಶೀಲಿಸಿ. ‘ನೋಇಂಡೆಕ್ಸ್’ (ಈ ಪುಟವನ್ನು ಹುಡುಕಾಟದಲ್ಲಿ ತೋರಿಸಬೇಡಿ ಎಂಬ ಸೂಚನೆ) ಎಂದು ಬಂದರೆ ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಪುಟವನ್ನು ತೆರೆಯಿರಿ. ತಾಣವನ್ನು ಕಟ್ಟುವಾಗ ಸರ್ಚ್ ಎಂಜಿನ್‌ಗಳನ್ನು ದೂರವಿಡಲು ಹಾಕಿದ ಟಿಕ್ ಗುರುತು ಅಲ್ಲಿ ಹಾಗೆಯೇ ಉಳಿದಿರುತ್ತದೆ. ಅದನ್ನು ತೆಗೆಯಿರಿ. ಸರ್ಚ್ ಎಂಜಿನ್ ಯಾವ ಪುಟಗಳನ್ನು ತೆರೆಯಬಹುದೆಂದು ತಿಳಿಸುವ ರೋಬಾಟ್ಸ್ ಕಡತದಲ್ಲಿಯೂ ತಡೆ ಇರಬಾರದು, ಏಕೆಂದರೆ ಪುಟವನ್ನು ತೆರೆಯಲು ಬಿಡದಿದ್ದರೆ ನೋಇಂಡೆಕ್ಸ್ ಹೋಗಿರುವುದು ಗೂಗಲ್‌ಗೆ ತಿಳಿಯುವುದೇ ಇಲ್ಲ.

ಇನ್ನೊಂದು ಮಾತು: ನಿಮ್ಮ ಪುಟದ ಶೀರ್ಷಿಕೆ ಏನಿದೆ?

ಪ್ರಶ್ನೆ ಕೇಳಿದವರು:
ಟಿಕ್ ಗುರುತು ಇತ್ತು, ತೆಗೆದೆ. ಶೀರ್ಷಿಕೆ ‘ಆರ್ಟಿಕಲ್ 14’ ಎಂದಿದೆ. ಬ್ರೌಸರಿನ ಟ್ಯಾಬಿನಲ್ಲಿ ನುಡಿಯ ಅಕ್ಷರಗಳು ಗೋಜಲಾಗಿ ಕಾಣುತ್ತಿದ್ದುದರಿಂದ ತಂದೆಯವರು ಎಲ್ಲ ಲೇಖನಗಳಿಗೂ ಇಂಗ್ಲಿಷಿನಲ್ಲಿ ಹೀಗೆ ಸಂಖ್ಯೆ ಕೊಟ್ಟಿದ್ದರು.

ಉತ್ತರ:
ಆ ಕಾಲಕ್ಕೆ ಅವರಿಗೆ ಬೇರೆ ದಾರಿ ಇರಲಿಲ್ಲ. ಈಗ ‘ಅಡಿಕೆ ಕೊಳೆರೋಗ: ಶೇ. 1ರ ಬೋರ್ಡೋ ದ್ರಾವಣ ತಯಾರಿಸುವ ಕ್ರಮ’ ಎಂದು ಬದಲಿಸಿ. ನಿಮಗೆ ಫೋನ್ ಮಾಡುವವರು ಯಾವ ಮಾತಿನಲ್ಲಿ ಕೇಳುತ್ತಾರೋ ಅದನ್ನೇ ಶೀರ್ಷಿಕೆಯಲ್ಲಿಯೂ ಮೊದಲ ವಾಕ್ಯದಲ್ಲಿಯೂ ಬಳಸಿ. ಕೆಲವು ಕಡೆ ಈ ರೋಗವನ್ನು ಮಹಾಳಿ ಎನ್ನುವುದರಿಂದ ಲೇಖನದೊಳಗೆ ಆ ಹೆಸರೂ ಸಹಜವಾಗಿ ಬರಲಿ.

ಪ್ರಶ್ನೆ ಕೇಳಿದವರು:
ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಕೊಳೆರೋಗದ ಲೇಖನ ಈಗ ಎರಡನೆಯ ಪುಟದಲ್ಲಿ ಕಾಣಿಸುತ್ತಿದೆ. ತಂದೆಯವರಿಗೆ ಫೋನಿನಲ್ಲಿ ತೋರಿಸಿದೆ, ತಾವೇ ಇನ್ನೊಮ್ಮೆ ಹುಡುಕಿ ನೋಡಿದರು. ಇನ್ನೂ 40 ಲೇಖನಗಳಲ್ಲಿ ಅರ್ಕಾವತ್ತು ತಿದ್ದುವುದು ಬಾಕಿಯಿದೆ. ತಮಗೆ ಹೃತ್ಪೂರ್ವಕ ಧನ್ಯವಾದಗಳು.