ಸಹಾಯ ಬೇಕು: ಅಮ್ಮನೊಂದಿಗೆ ಲೌಟರ್‌ಬ್ರುನ್ನೆನ್ ಕಣಿವೆಗೆ, ಎಲ್ಲಿ ಉಳಿಯಬೇಕು?

ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನ್ನೆನ್ ಕಣಿವೆಯನ್ನು ಅಮ್ಮನಿಗೆ ತೋರಿಸಬೇಕೆಂಬುದು ನನ್ನ ಬಹುದಿನದ ಆಸೆ. ಅವರಿಗೆ ಮೊಣಕಾಲು ನೋವು. ಏರು, ಇಳಿಜಾರು ಎರಡೂ ಕಷ್ಟ. ನನಗೆ ರಜೆ ಸಿಗುವುದು ಮೇ ಆರಂಭದಲ್ಲಿ ಅಥವಾ ನವೆಂಬರ್ ಕೊನೆಯಲ್ಲಿ. ವರ್ಷವಿಡೀ ಹೋಗಬಹುದಾದ ಜಾಗವೆಂದು ಎಲ್ಲರೂ ಹೇಳುತ್ತಾರೆ. ಆದರೆ ವಿಚಾರಿಸಿದರೆ ಈ ಎರಡು ಸಮಯವೂ ಪ್ರವಾಸಿ ಋತುಗಳ ನಡುವಿನ ಬಿಡುವಿನ ಕಾಲವಂತೆ. ಕೆಲವು ಹೋಟೆಲುಗಳು ಮುಚ್ಚಿರುತ್ತವೆ, ಕೆಲವು ಕೇಬಲ್ ಕಾರುಗಳು ನಿಂತಿರುತ್ತವೆ. ಆದರೂ ಮೇ ತಿಂಗಳೇ ವಾಸಿ ಎನಿಸಿದೆ. ಹಿಮ ಕರಗಿ, ಸುಮಾರು 300 ಮೀಟರ್ ಎತ್ತರದ ಸ್ಟೌಬಾಖ್ ಜಲಪಾತ ಲೌಟರ್‌ಬ್ರುನ್ನೆನ್ ಊರಿನ ಮೇಲೆಯೇ ಭೋರ್ಗರೆಯುತ್ತದೆ. ಬಂಡೆಯೊಳಗಿನ ಟ್ರುಮ್ಮೆಲ್‌ಬಾಖ್ ಜಲಪಾತವಂತೂ ಚಳಿಗಾಲದಲ್ಲಿ ಮುಚ್ಚಿರುತ್ತದೆ.

ತಲೆಕೆಡಿಸಿರುವುದು ಒಂದೇ ವಿಷಯ. ವೆಂಗೆನ್ ಮೋಟಾರು ವಾಹನಗಳಿಗೆ ದಾರಿಯಿಲ್ಲದ ಬೆಟ್ಟದೂರು, ರೈಲಿನಲ್ಲೇ ಹೋಗಬೇಕು. ನಕ್ಷೆ ನೋಡಿ ಅಲ್ಲಿನ ಏರಿಳಿತ ಅಂದಾಜಾಗುತ್ತಿಲ್ಲ. ಹಿರಿಯರನ್ನು ಕರೆದುಕೊಂಡು ಹೋದವರು ದಯವಿಟ್ಟು ತಿಳಿಸಿ: ವೆಂಗೆನ್ ನಿಲ್ದಾಣದ ಬಳಿ ಉಳಿಯಬಹುದೇ, ಇಲ್ಲವೇ ಕೆಳಗೆ ಲೌಟರ್‌ಬ್ರುನ್ನೆನ್‌ನಲ್ಲೇ ಕೋಣೆ ಹಿಡಿಯಲೇ?